ಚಾಪರ್‌ನ ಅರ್ಧ ಕೆಲಸ ನಡೆಯುವುದು ಅದು ನಿಂತಾಗ

ಎಲೆಕ್ಟ್ರಿಕ್ ಚಾಪರ್ ಮನೆಗೆ ಬಂದ ಮೊದಲ ದಿನ ಒಂದು ದೊಡ್ಡ ಈರುಳ್ಳಿಯನ್ನು ಎರಡು ಹೋಳು ಮಾಡಿ ಅದರೊಳಗೆ ಹಾಕಿದೆ. ಮುಚ್ಚಳ ಮುಚ್ಚಿ ಬಟನ್ ಒತ್ತಿ ಹಿಡಿದೆ. ಹತ್ತು ಸೆಕೆಂಡ್ ಆಯ್ತು, ಹದಿನೈದು ಆಯ್ತು. ತೆಗೆದು ನೋಡಿದರೆ ತಳದಲ್ಲಿ ನೀರುನೀರಾದ ಪೇಸ್ಟ್. ಅದರ ಮೇಲೆ ಹೆಬ್ಬೆರಳು ಗಾತ್ರದ ಎರಡು ತುಂಡು, ಏನೂ ಆಗಿಲ್ಲ ಅನ್ನುವ ಹಾಗೆ ಕೂತಿದ್ದವು. ನನಗೆ ಬೇಕಾಗಿದ್ದು ಇವೆರಡರ ನಡುವಿನದು, ಸಣ್ಣಗೆ ಹೆಚ್ಚಿದ ಈರುಳ್ಳಿ. ಅದು ಮಾತ್ರ ಎಲ್ಲೂ ಇರಲಿಲ್ಲ.

ಒಂದೇ ಬಟ್ಟಲಿನಲ್ಲಿ ಒಂದು ಭಾಗ ಅತಿಯಾಗಿ ಅರೆದು, ಇನ್ನೊಂದು ಭಾಗ ಬ್ಲೇಡಿಗೆ ಸಿಗದೇ ಉಳಿದದ್ದು ಹೇಗೆ? ಇದಕ್ಕೆ ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಆ ಲೆಕ್ಕ ಗೊತ್ತಾದ ಮೇಲೆ ನಾನು ಚಾಪರ್ ಬಳಸುವ ರೀತಿಯೇ ಬದಲಾಯಿತು.

ಬ್ಲೇಡಿನ ಒಂದು ತೋಳು 4 ಸೆಂಟಿಮೀಟರ್ ಉದ್ದ ಇದೆ, ಅದು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 50 ಸುತ್ತು. ತೋಳಿನ ತುದಿ ಆಗ ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ತೋಳು ಎರಡು ಇರುವುದರಿಂದ ಒಂದೇ ಜಾಗದಲ್ಲಿ ಸೆಕೆಂಡಿಗೆ 100 ಸಲ ಬ್ಲೇಡ್ ಹಾದು ಹೋಗುತ್ತದೆ. ಒಂದು ತೋಳು ಹೋಗಿ ಇನ್ನೊಂದು ಬರುವುದಕ್ಕೆ ಇರುವ ಸಮಯ ಸೆಕೆಂಡಿನ ನೂರನೇ ಒಂದು ಭಾಗ ಮಾತ್ರ. ಈಗ ಮೇಲೆ ಕೂತಿರುವ ಈರುಳ್ಳಿ ತುಂಡನ್ನು ನೋಡಿ. ಅದು ಕೆಳಗೆ ಬೀಳಬೇಕು, ಬಿದ್ದರೆ ತಾನೇ ಬ್ಲೇಡಿಗೆ ಸಿಗುವುದು. ಆದರೆ ಆ ನೂರನೇ ಒಂದು ಸೆಕೆಂಡಿನಲ್ಲಿ ಯಾವ ವಸ್ತುವಾದರೂ ಬೀಳಬಲ್ಲದ್ದು ಬರೀ ಅರ್ಧ ಮಿಲಿಮೀಟರ್! ಅಷ್ಟು ಇಳಿಯುವಷ್ಟರಲ್ಲಿ ಮುಂದಿನ ತೋಳು ಬಂದು ಅದನ್ನು ತಟ್ಟಿ ಮೇಲಕ್ಕೆ ಎಬ್ಬಿಸಿರುತ್ತದೆ. ತಿರುಗುವ ಬ್ಲೇಡ್ ಆ ತುಂಡಿಗೆ ಹೆಚ್ಚುಕಡಿಮೆ ನೆಲದ ಹಾಗೆ. ಅದರ ಮೇಲೆ ತುಂಡು ಕುಣಿಯುತ್ತಿರುತ್ತದೆ, ಒಳಗೆ ಇಳಿಯುವುದಿಲ್ಲ. ಇತ್ತ ತಳದಲ್ಲಿರುವ ಚೂರುಗಳು ಎಲ್ಲಿಗೂ ಹೋಗಲಾರದೆ ಸೆಕೆಂಡಿಗೆ ನೂರು ಏಟು ತಿನ್ನುತ್ತಲೇ ಇರುತ್ತವೆ.

ಬಟನ್ ಬಿಟ್ಟರೆ? ಬ್ಲೇಡ್ ನಿಲ್ಲುತ್ತದೆ. 5 ಸೆಂಟಿಮೀಟರ್ ಎತ್ತರದಿಂದ ಬೀಳಲು ಬೇಕಾಗುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲೇ ಮೇಲಿನದು ಕೆಳಗೆ ಜಾರಿ, ಗೋಡೆಗೆ ಸರಿದಿದ್ದು ನಡುವಿಗೆ ಬಂದು, ಎಲ್ಲ ಕಲಸಿಹೋಗಿರುತ್ತದೆ. ಮತ್ತೆ ಒತ್ತಿದಾಗ ಬ್ಲೇಡಿಗೆ ಸಿಗುವುದು ಬೇರೆ ತುಂಡುಗಳು. ಅದಕ್ಕೇ ಒಂದು ಸೆಕೆಂಡ್ ಒತ್ತಿ, ಒಂದು ಸೆಕೆಂಡ್ ಬಿಡಿ. ಹೀಗೆ ಐದಾರು ಸಲ ಮಾಡಿದರೆ ಸಾಕು. ಈರುಳ್ಳಿಯನ್ನು ಮೊದಲೇ ನಾಲ್ಕೋ ಆರೋ ಹೋಳು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಎಲ್ಲ ಹೋಳೂ ಒಂದೇ ಗಾತ್ರ ಇದ್ದರೆ ಚೂರುಗಳೂ ಹೆಚ್ಚುಕಡಿಮೆ ಒಂದೇ ಗಾತ್ರ ಬರುತ್ತವೆ. ಬಟ್ಟಲನ್ನು ಅರ್ಧದಿಂದ ಮುಕ್ಕಾಲಿನವರೆಗೆ ತುಂಬುವುದು ಸರಿಯಾದ ಅಳತೆ. ಜಾಸ್ತಿ ಆದರೆ ಮೇಲಿನದಕ್ಕೆ ಇಳಿಯಲು ಜಾಗವಿಲ್ಲ. ತೀರಾ ಕಮ್ಮಿ ಆದರೆ ಚೂರುಗಳು ಏಟು ತಿಂದು ಗೋಡೆಗೆ ಹಾರಿ ಅಂಟಿಕೊಳ್ಳುತ್ತವೆ, ಬ್ಲೇಡ್ ಖಾಲಿ ಗಾಳಿಯಲ್ಲಿ ಸುಮ್ನೆ ತಿರುಗುತ್ತದೆ.

ಇನ್ನೊಂದು ವಿಷಯ. ಚಾಕುವಿನಿಂದ ಹೆಚ್ಚುವಾಗ ತರಕಾರಿಯ ಕೆಳಗೆ ಮಣೆ ಇರುತ್ತದೆ, ಮೇಲೆ ನಮ್ಮ ಬೆರಳು ಹಿಡಿದಿರುತ್ತದೆ. ತುಂಡು ಅಲ್ಲಾಡುವ ಹಾಗಿಲ್ಲ. ಚಾಪರ್‌ನೊಳಗೆ ಹಿಡಿದುಕೊಳ್ಳುವವರು ಯಾರೂ ಇಲ್ಲ. ಹಾಗಿದ್ದೂ ತುಂಡು ಕತ್ತರಿಸಿ ಹೋಗುವುದು ಹೇಗೆ? ಎತ್ತರ ಬೆಳೆದ ಹುಲ್ಲಿಗೆ ಕೋಲನ್ನು ನಿಧಾನ ತಾಗಿಸಿದರೆ ಹುಲ್ಲು ಬಾಗುತ್ತದೆ. ಜೋರಾಗಿ ಬೀಸಿದರೆ ತುಂಡಾಗುತ್ತದೆ. ಬೇಗ ಬಂದ ಏಟಿಗೆ ಸರಿದುಕೊಳ್ಳಲು ಅದಕ್ಕೆ ಸಮಯ ಸಿಗುವುದಿಲ್ಲ, ಅದರ ಜಡತ್ವವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಚಾಪರ್ ನಡೆಯುವುದು ಇದೇ ನಿಯಮದಿಂದ. ಹಾಗಾಗಿ ಇದರ ಏಟು ಕೊಯ್ತವೂ ಹೌದು, ಜಜ್ಜುವುದೂ ಹೌದು. ಬ್ಲೇಡ್ ಮೊಂಡಾದಷ್ಟೂ ಜಜ್ಜುವುದು ಜಾಸ್ತಿ.

ಜಜ್ಜಿದರೆ ಏನಾಗುತ್ತದೆ ಎನ್ನುವುದು ನಾಲಿಗೆಗೂ ಗೊತ್ತಾಗುತ್ತದೆ, ಕಣ್ಣಿಗೂ ಗೊತ್ತಾಗುತ್ತದೆ. ಈರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 89 ಭಾಗ ನೀರು. ಆ ನೀರೆಲ್ಲ ಜೀವಕೋಶಗಳೆಂಬ ಪುಟ್ಟ ಚೀಲಗಳಲ್ಲಿ ತುಂಬಿಕೊಂಡಿದೆ. ಪ್ರತಿ ಕೋಶದ ಒಳಗೆ ಎರಡು ವಸ್ತುಗಳು ಬೇರೆ ಬೇರೆ ಕೋಣೆಯಲ್ಲಿವೆ. ಒಂದು ಕಡೆ ಗಂಧಕ ಇರುವ ಒಂದು ಸಂಯುಕ್ತ, ಇನ್ನೊಂದು ಕಡೆ ಆಲೀನೇಸ್ ಎಂಬ ಕಿಣ್ವ. ಈರುಳ್ಳಿ ಇಡಿಯಾಗಿದ್ದಾಗ ಇವೆರಡೂ ಭೇಟಿಯಾಗುವುದಿಲ್ಲ. ಅದಕ್ಕೇ ಹೆಚ್ಚದ ಈರುಳ್ಳಿಗೆ ಘಾಟು ಇಲ್ಲ. ಕೋಶ ಒಡೆದ ಕೂಡಲೇ ಎರಡೂ ಬೆರೆಯುತ್ತವೆ. ಮುಂದೆ ಕಣ್ಣುರಿಸುವ ಅನಿಲ ತಾನಾಗಿಯೇ ಹುಟ್ಟುತ್ತದೆ ಅಂತ ವಿಜ್ಞಾನಿಗಳು ಬಹಳ ಕಾಲ ತಿಳಿದಿದ್ದರು. ಹಾಗಲ್ಲ, ಅದಕ್ಕೆಂದೇ ಎರಡನೇ ಕಿಣ್ವ ಒಂದಿದೆ ಎಂದು 2002ರಲ್ಲಿ ಜಪಾನಿನ ಸಂಶೋಧಕರ ತಂಡವೊಂದು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟಿತು. ಆ ತಂಡಕ್ಕೆ 2013ರಲ್ಲಿ ಇಗ್ ನೊಬೆಲ್ ಬಹುಮಾನವೂ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅಡುಗೆಮನೆಯ ಕಣ್ಣೀರಿನ ಹಿಂದೆ ಎರಡು ಕಿಣ್ವಗಳು ಸಾಲಾಗಿ ಕೆಲಸ ಮಾಡುತ್ತವೆ ಎಂದು ಓದಿದಾಗ ನನಗೆ ನಗು ಬರಲಿಲ್ಲ, ಬೆರಗಾಯಿತು.

ಚಾಪರ್ ಬಳಸಿದರೆ ಕಣ್ಣೀರು ಬರುವುದಿಲ್ಲ ಅಂತಾರಲ್ಲ, ಅದು ಅರ್ಧ ನಿಜ. ಅನಿಲ ಹುಟ್ಟದೇ ಇರುವುದಿಲ್ಲ, ಮುಚ್ಚಳದ ಕೆಳಗೆ ಸಿಕ್ಕಿಕೊಂಡಿರುತ್ತದೆ. ಚಾಕುವಿಗಿಂತ ಇಲ್ಲಿ ಒಡೆಯುವ ಕೋಶಗಳೂ ಜಾಸ್ತಿ. ಆದ್ದರಿಂದ ಮುಚ್ಚಳ ತೆಗೆದು ಮುಖ ಬಗ್ಗಿಸಿ ನೋಡಬೇಡಿ. ಬಟ್ಟಲನ್ನು ತೋಳಿನಷ್ಟು ದೂರದಲ್ಲಿ ಇಟ್ಟು, ಮುಚ್ಚಳವನ್ನು ಆಚೆ ಬದಿಯಿಂದ ಎತ್ತಿ, ಸ್ವಲ್ಪ ಹೊತ್ತು ಹಾಗೇ ಬಿಡಿ.

ಸಣ್ಣ ಚೂರು ಅಂದರೆ ಜಾಸ್ತಿ ಮೇಲ್ಮೈ. ಒಂದು ಸೆಂಟಿಮೀಟರಿನ ಘನಾಕಾರದ ತುಂಡಿಗೆ ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರಿನ ಸಾವಿರ ತುಂಡು ಮಾಡಿದರೆ ಮೇಲ್ಮೈ 60 ಚದರ ಸೆಂಟಿಮೀಟರ್ ಆಗುತ್ತದೆ. ಹೊಸದಾಗಿ ತೆರೆದ ಪ್ರತಿ ಮುಖದಲ್ಲೂ ಕೋಶಗಳು ಒಡೆದಿವೆ, ನೀರು ಹೊರಗೆ ಬಂದಿದೆ. ಪೇಸ್ಟ್ ಆದ ಈರುಳ್ಳಿ ಬಾಣಲೆಯಲ್ಲಿ ಬೇಗ ಕೆಂಪಗಾಗದೆ ಕುದಿಯುತ್ತಾ ಕೂರುವುದು ಇದೇ ಕಾರಣಕ್ಕೆ. ಆ ನೀರು ಆರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗಾಗಲು ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು.

ಬೆಳ್ಳುಳ್ಳಿಯ ಕಥೆ ಇದಕ್ಕೆ ಹತ್ತಿರದ್ದು. ಅಲ್ಲೂ ಆಲೀನೇಸ್ ಇದೆ, ಆದರೆ ಅದು ಮಾಡುವುದು ಆಲಿಸಿನ್ ಎಂಬ ವಸ್ತು. 1944ರಲ್ಲಿ ಕ್ಯಾವಲೀಟೋ ಮತ್ತು ಬೈಲಿ ಎಂಬ ಅಮೆರಿಕದ ಇಬ್ಬರು ರಸಾಯನ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಇಡೀ ಎಸಳನ್ನು ಬಿಸಿ ಎಣ್ಣೆಗೆ ಹಾಕಿದರೆ ಕಿಣ್ವ ಬೆಂದು ಕೆಟ್ಟುಹೋಗುತ್ತದೆ, ಖಾರ ಹುಟ್ಟುವುದೇ ಇಲ್ಲ. ಕೊಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಬೇರೆಯೇ ರುಚಿ. ಚಾಪರ್‌ನಲ್ಲಿ ಎರಡು ಸಲ ಒತ್ತಿದ ಬೆಳ್ಳುಳ್ಳಿಗೂ ಎಂಟು ಸಲ ಒತ್ತಿದ್ದಕ್ಕೂ ಘಾಟಿನಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಒಮ್ಮೆ ಮೂಗಿಗೆ ಹಿಡಿದು ನೋಡಿ.

ಎಲ್ಲಕ್ಕಿಂತ ಚೆನ್ನಾಗಿ ಕಣ್ಣಿಗೆ ಕಾಣುವುದು ಬಾದಾಮಿ. ಮೂರು ಸಲ ಒತ್ತಿದರೆ ಚೂರು. ಇನ್ನೂ ನಾಲ್ಕು ಸಲಕ್ಕೆ ತರಿತರಿ ಪುಡಿ. ಆಮೇಲೆ ಒಂದು ಹಂತದಲ್ಲಿ ಪುಡಿ ಗೋಡೆಗೆ ಮೆತ್ತಿಕೊಳ್ಳಲು ಶುರುವಾಗುತ್ತದೆ, ಮೋಟಾರಿನ ದನಿ ದಪ್ಪವಾಗುತ್ತದೆ. ಬಾದಾಮಿಯ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಕೋಶಗಳು ಒಡೆದಂತೆಲ್ಲ ಆ ಎಣ್ಣೆ ಹೊರಗೆ ಬಂದು ಪುಡಿಯನ್ನು ಒಂದಕ್ಕೊಂದು ಅಂಟಿಸುತ್ತದೆ. ಪುಡಿಯೇ ಬೇಕು ಅಂದರೆ ಆ ದನಿ ಬದಲಾಗುವ ಮೊದಲೇ ನಿಲ್ಲಿಸಬೇಕು. ಬೇಯಿಸಿದ ಆಲೂಗಡ್ಡೆಯನ್ನು ಮಾತ್ರ ಚಾಪರ್‌ಗೆ ಹಾಕಲೇಬೇಡಿ. ಬೆಂದು ಉಬ್ಬಿದ ಪಿಷ್ಟದ ಕಣಗಳು ಬ್ಲೇಡಿಗೆ ಸಿಕ್ಕಿ ಒಡೆದು ಗೋಂದಿನ ಹಾಗೆ ಆಗುತ್ತವೆ. ಅದನ್ನು ಮತ್ತೆ ಸರಿ ಮಾಡುವ ದಾರಿಯೇ ಇಲ್ಲ.

ಸೊಪ್ಪಿಗೆ ಬೇಕಾದದ್ದು ಒಂದೇ, ಒಣಗಿರಬೇಕು. ಒದ್ದೆ ಎಲೆ ಗೋಡೆಗೆ ಅಂಟಿಕೊಂಡರೆ ಕೆಳಗೆ ಬೀಳುವುದೇ ಇಲ್ಲ. ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ ಹಾಕಿ.

ಈ ತಿರುಗುವ ಬ್ಲೇಡಿನ ಯಂತ್ರ ದೊಡ್ಡ ರೂಪದಲ್ಲಿ ಮೊದಲು ಬಂದದ್ದು ಹೋಟೆಲುಗಳ ಅಡುಗೆಮನೆಗೆ. ಫ್ರಾನ್ಸಿನಲ್ಲಿ ಪಿಯರ್ ವೆರ್ದಾಂ ಎಂಬುವರು, ಅಡುಗೆಯವರು ಬರೀ ಹೆಚ್ಚುವುದರಲ್ಲೇ ಎಷ್ಟು ಹೊತ್ತು ಕಳೆಯುತ್ತಾರೆ ಎಂಬುದನ್ನು ಗಮನಿಸಿ 1960ರ ದಶಕದಲ್ಲಿ ಅದನ್ನು ಮಾಡಿದರು. 1973ರಲ್ಲಿ ಕಾರ್ಲ್ ಸೋಂಥೈಮರ್ ಎಂಬ ಇಂಜಿನಿಯರ್ ಅದನ್ನು ಮನೆಗೆ ಹೊಂದುವಂತೆ ಮಾರ್ಪಡಿಸಿ ಅಮೆರಿಕದ ಮಾರುಕಟ್ಟೆಗೆ ತಂದರು. ನಮ್ಮ ಅಂಗೈ ಅಗಲದ ಚಾಪರ್ ಅದರ ಪುಟ್ಟ ತಂಗಿ.

ಪುಟ್ಟದು ಅಂದ ಮೇಲೆ ಮೋಟಾರೂ ಪುಟ್ಟದು. ಅದಕ್ಕೂ ವಿರಾಮ ಬೇಕು, ಕಾರಣ ಮಾತ್ರ ಬೇರೆ. ಮೋಟಾರ್ ತಿರುಗುವಾಗ ಅದರ ಸುರುಳಿಯಲ್ಲಿ ಎದುರು ದಿಕ್ಕಿನ ವೋಲ್ಟೇಜ್ ಒಂದು ಹುಟ್ಟುತ್ತದೆ. ಒಳಗೆ ಬರುವ ಕರೆಂಟಿಗೆ ಅದೇ ಕಡಿವಾಣ. ಗಟ್ಟಿ ಕ್ಯಾರೆಟ್ ತುಂಡು ಅಡ್ಡ ಸಿಕ್ಕಿ ಬ್ಲೇಡ್ ನಿಂತುಬಿಟ್ಟರೆ ಆ ಕಡಿವಾಣ ಇಲ್ಲದೇ ಹೋಗುತ್ತದೆ, ಕರೆಂಟ್ ನುಗ್ಗುತ್ತದೆ. ಕರೆಂಟ್ ಐದು ಪಟ್ಟಾದರೆ ಸುರುಳಿಯ ಬಿಸಿ ಐದಲ್ಲ, ಇಪ್ಪತ್ತೈದು ಪಟ್ಟಾಗುತ್ತದೆ. ಗುಂಯ್ ಅನ್ನುವ ಸದ್ದು ಬಂದು ಬ್ಲೇಡ್ ತಿರುಗದಿದ್ದರೆ ಆ ಕ್ಷಣವೇ ಬೆರಳು ತೆಗೆಯಬೇಕು. ಇನ್ನೂ ಜೋರಾಗಿ ಒತ್ತುವುದರಿಂದ ಏನೂ ಆಗುವುದಿಲ್ಲ, ಸುರುಳಿ ಮಾತ್ರ ಸುಡುತ್ತದೆ. ತಂತಿಯಿಲ್ಲದ, ಚಾರ್ಜ್ ಮಾಡುವ ಚಾಪರ್‌ಗಳಲ್ಲಂತೂ ಮೋಟಾರ್ ಇನ್ನೂ ಚಿಕ್ಕದು. ಅವುಗಳಿಗೆ ಬೆಳ್ಳುಳ್ಳಿ, ಸೊಪ್ಪು, ಹಸಿಮೆಣಸು ಸರಿ. ಐಸು, ಇಡೀ ಮಸಾಲೆ ಕಾಳು, ಫ್ರೀಜರ್‌ನಿಂದ ಆಗಷ್ಟೇ ತೆಗೆದ ಮಾಂಸ ಇವಕ್ಕೆ ಯಾವ ಸಣ್ಣ ಚಾಪರೂ ಅಲ್ಲ.

ವಿದ್ಯುತ್ ಬಿಲ್ಲಿನ ಚಿಂತೆ ಬೇಡ. 250 ವಾಟ್‌ನ ಚಾಪರ್ ಐದು ಸೆಕೆಂಡ್ ಓಡಿದರೆ 1,250 ಜೂಲ್ ಖರ್ಚು. ಒಂದು ಯೂನಿಟ್ ವಿದ್ಯುತ್ತಿನಲ್ಲಿ ಹೀಗೆ 2,880 ಸಲ ಓಡಿಸಬಹುದು. ಒಂದು ಸಲಕ್ಕೆ ಖರ್ಚಾದ ಅಷ್ಟೂ ಶಕ್ತಿ ಬಿಸಿಯಾಗಿ ಕಾಲು ಕೆಜಿ ಈರುಳ್ಳಿಗೆ ಇಳಿದರೂ ಅದರ ಬಿಸಿ ಒಂದು ಚಿಲ್ಲರೆ ಡಿಗ್ರಿ ಏರುತ್ತದೆ, ಅಷ್ಟೇ. ‘ಚಾಪರ್ ಬಿಸಿಗೆ ತರಕಾರಿಯ ಸತ್ವ ಹೋಗುತ್ತದೆ’ ಎನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ನಾನು ನಿಜವಾಗಿಯೂ ಹೆದರುವುದು ಬ್ಲೇಡಿಗೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಎಷ್ಟೋ ಚಾಪರ್‌ಗಳು ಶುರುವಾಗುವುದೇ ಇಲ್ಲ. ಮುಚ್ಚಳ ಒಳಗಿನ ಸ್ವಿಚ್ಚನ್ನು ಒತ್ತಿದರೆ ಮಾತ್ರ ಕರೆಂಟ್ ಹರಿಯುವ ಹಾಗೆ ಮಾಡಿರುತ್ತಾರೆ. ಅದು ಒಳ್ಳೆಯ ಏರ್ಪಾಡು, ಆದರೆ ಕೈಗೆ ಗಾಯ ಆಗುವುದು ಬ್ಲೇಡ್ ನಿಂತಿದ್ದಾಗಲೂ ಹೌದು, ಅಲ್ವಾ? ಗೋಡೆ ಕೆರೆಯುವ ಮೊದಲು ಪ್ಲಗ್ ತೆಗೆಯಿರಿ. ಚಾರ್ಜ್ ಮಾಡುವ ಚಾಪರ್‌ಗೆ ತೆಗೆಯಲು ಪ್ಲಗ್ಗೇ ಇರುವುದಿಲ್ಲ, ಹಾಗಾಗಿ ಮೋಟಾರ್ ಇರುವ ಭಾಗವನ್ನೇ ಎತ್ತಿ ಪಕ್ಕಕ್ಕಿಡಿ. ಬಟ್ಟಲು ಬಗ್ಗಿಸಿ ಸುರಿಯುವ ಮೊದಲು ಬ್ಲೇಡನ್ನು ನಡುವಿನ ಪ್ಲಾಸ್ಟಿಕ್ ಹಿಡಿಯಿಂದ ಹಿಡಿದು ಹೊರಗೆ ತೆಗೆಯಿರಿ. ಸಿಂಕಿನ ಸೋಪು ನೀರಿನಲ್ಲಿ ಅದನ್ನು ಮುಳುಗಿಸಿಡಬೇಡಿ, ನೊರೆಯ ಕೆಳಗೆ ಬ್ಲೇಡ್ ಕಾಣುವುದಿಲ್ಲ. ತೊಳೆಯುವಾಗ ಒಮ್ಮೆ ಬೆಳಕಿಗೆ ಹಿಡಿದು ಬಿರುಕು ಇದೆಯಾ ನೋಡುವ ಅಭ್ಯಾಸವೂ ಒಳ್ಳೆಯದು. 2016ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಫುಡ್ ಪ್ರೊಸೆಸರ್‌ಗಳ ಸುಮಾರು 80 ಲಕ್ಷ ಬ್ಲೇಡ್‌ಗಳನ್ನು ವಾಪಸ್ ಕರೆಸಿಕೊಳ್ಳಲು ಕಾರಣ ಇಂಥದೇ ಬಿರುಕು. ಬ್ಲೇಡಿನ ಚೂರು ಒಡೆದು ಊಟದಲ್ಲಿ ಸೇರುತ್ತಿತ್ತು.

ತೊಳೆಯುವುದಕ್ಕೆ ತಡ ಮಾಡದಿದ್ದರೆ ಅದು ಸುಲಭದ ಕೆಲಸ. ಕಾಲು ಬಟ್ಟಲು ನೀರು, ಒಂದು ಹನಿ ಸೋಪು, ಎರಡು ಸಲ ಒತ್ತಿದರೆ ಮುಗಿಯಿತು. ಕ್ಯಾರೆಟ್ಟಿನ ಕಿತ್ತಳೆ ಕಲೆ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಆ ಬಣ್ಣ ಕ್ಯಾರೋಟಿನ್‌ದು. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಮೊದಲು ಬಟ್ಟೆಗೆ ನಾಲ್ಕು ಹನಿ ಅಡುಗೆ ಎಣ್ಣೆ ಹಾಕಿ ಬಟ್ಟಲನ್ನು ಒರೆಸಬೇಕು, ಆಮೇಲೆ ಸೋಪು. ಆಗಲೂ ಉಳಿದರೆ ಬಿಸಿಲಿಗಿಡಿ. ಕ್ಯಾರೋಟಿನ್ ಅಣುವಿಗೆ ಬಣ್ಣ ಕೊಡುವ ಜೋಡಿಬಂಧಗಳ ಸಾಲನ್ನು ಬೆಳಕು ಮತ್ತು ಗಾಳಿಯ ಆಮ್ಲಜನಕ ಸೇರಿ ಮುರಿಯುತ್ತವೆ. ನಮ್ಮ ಕಿಟಕಿಯ ಕಟ್ಟೆಯ ಮೇಲೆ ಈಗ ಒಂದು ಬಟ್ಟಲು ಬೋರಲು ಬಿದ್ದಿದೆ. ನಿನ್ನೆ ಕಿತ್ತಳೆ ಇತ್ತು, ಈ ಹೊತ್ತಿಗೆ ಅಂಚಿನಲ್ಲಿ ಮಾತ್ರ ತೆಳು ಹಳದಿ ಉಳಿದಿದೆ.