ಎರಡು ಎಂದರೆ ಏನು?

ಆರ್ಡರ್‌ಗಳ ಟೇಬಲ್ ಒಂದನ್ನು ತೆರೆದು ನೋಡಿ. ಸ್ಥಿತಿ ಎಂಬ ಕಾಲಂನಲ್ಲಿ 0, 2, 1, 2, 2 ಎಂದು ಅಂಕಿಗಳು ಸಾಲಾಗಿ ಕುಳಿತಿವೆ. ಎರಡು ಎಂದರೆ ಏನು? ಡೇಟಾಬೇಸನ್ನು ಕೇಳಿದರೆ ಅದಕ್ಕೂ ಗೊತ್ತಿಲ್ಲ. ಅರ್ಥ ಇರುವುದು ಪ್ರೋಗ್ರಾಮಿನ ಯಾವುದೋ ಕಡತದಲ್ಲಿ: 0 ಬಾಕಿ, 1 ಪಾವತಿಯಾಗಿದೆ, 2 ರವಾನೆಯಾಗಿದೆ.

ಹೀಗೆ ಬೆರಳೆಣಿಕೆಯ ಮೌಲ್ಯಗಳಷ್ಟೇ ಇರುವ ಗುಂಪನ್ನು ಪ್ರೋಗ್ರಾಮರ್‌ಗಳು ಎನಮ್ ಎನ್ನುತ್ತಾರೆ. 1970ರ ಪಾಸ್ಕಲ್ ಭಾಷೆಯಲ್ಲೇ ಇದು ಇತ್ತು. ಜಾವಾಕ್ಕೆ 2004ರಲ್ಲಿ, ಪಿಎಚ್‌ಪಿಗೆ 2021ರಲ್ಲಿ ಬಂತು. ಕೋಡಿನೊಳಗೆ ಇರುವಷ್ಟು ಹೊತ್ತು ಅದು ಸಾಧು ಪ್ರಾಣಿ. ತಂಟೆ ಶುರುವಾಗುವುದು ಡೇಟಾಬೇಸಿನ ಹೊಸ್ತಿಲು ದಾಟಿದ ಮೇಲೆ.

ವೆಬ್ ಅಪ್ಲಿಕೇಶನ್ ಕಟ್ಟುವ ರೂಬಿ ಆನ್ ರೈಲ್ಸ್ ಎಂಬ ಚೌಕಟ್ಟಿನಲ್ಲಿ ಹೆಸರುಗಳ ಪಟ್ಟಿಯನ್ನಷ್ಟೇ ಬರೆದರೆ, ಪಟ್ಟಿಯಲ್ಲಿನ ಸ್ಥಾನವೇ ಸಂಖ್ಯೆಯಾಗಿ ಉಳಿಯುತ್ತದೆ. ಡೇಟಾಬೇಸಿಗೆ ಮಾಹಿತಿ ಉಳಿಸಲು ಜಾವಾದಲ್ಲಿ ಬಳಸುವ ಜೆಪಿಎ ಕೂಡ ಬೇರೆ ಸೂಚನೆ ಕೊಡದಿದ್ದರೆ ಹೀಗೆಯೇ ಮಾಡುತ್ತದೆ. ಈಗ ಯಾರೋ ಪಾವತಿಗೂ ರವಾನೆಗೂ ನಡುವೆ 'ಪ್ಯಾಕ್ ಆಗಿದೆ' ಎಂದು ಸೇರಿಸುತ್ತಾರೆ. ತಿಂಗಳುಗಳ ಹಿಂದೆ ರವಾನೆಯಾಗಿದ್ದ ಆರ್ಡರ್‌ಗಳೆಲ್ಲ ಮರುಗಳಿಗೆಯಲ್ಲಿ ಮತ್ತೆ ಡಬ್ಬಿ ಸೇರಿಬಿಡುತ್ತವೆ! ದೋಷದ ಸಂದೇಶವಿಲ್ಲ, ಖಾಲಿ ಡೇಟಾಬೇಸಿನ ಮೇಲೆ ನಡೆಯುವ ಪರೀಕ್ಷೆಗಳೂ ಪಾಸಾಗುತ್ತವೆ. ನಾನೂ ಈ ಹಳ್ಳಕ್ಕೆ ಬಿದ್ದವನೇ. ಪಟ್ಟಿ ಅಕ್ಷರಕ್ರಮದಲ್ಲಿದ್ದರೆ ಚೆನ್ನ ಎಂಬ ಶಿಸ್ತಿನ ಹುಚ್ಚು ಒಂದು ಸಂಜೆ ಹಿಡಿದಿತ್ತು.

ಹಾಗಾದರೆ ಡೇಟಾಬೇಸಿನದೇ ಎನಮ್ ಬಳಸೋಣವೇ? ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಅದು ಒಂದೆರಡು ಬೈಟ್‌ನಲ್ಲಿ ಮುಗಿಯುತ್ತದೆ. ಆದರೆ ಕಟ್ಟುನಿಟ್ಟಿನ ಮೋಡ್ ಇಲ್ಲದಿದ್ದರೆ, ತಪ್ಪು ಮೌಲ್ಯ ಕೊಟ್ಟಾಗ ಬರೀ ಎಚ್ಚರಿಕೆ ಕೊಟ್ಟು ಖಾಲಿ ಪಠ್ಯವನ್ನು ತುಂಬಿಸಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಅಷ್ಟು ಉದಾರಿಯಲ್ಲ, ತಪ್ಪನ್ನು ಬಾಗಿಲಲ್ಲೇ ತಡೆಯುತ್ತದೆ. ಅಲ್ಲಿ ಹೊಸ ಮೌಲ್ಯ ಸೇರಿಸುವುದು ಸುಲಭ, ಇದ್ದದ್ದನ್ನು ತೆಗೆಯಲು ಮಾತ್ರ ಆಜ್ಞೆಯೇ ಇಲ್ಲ.

ನನಗೆ ಹಿಡಿಸುವುದು ಸಾದಾ ಪಠ್ಯ, ಅದಕ್ಕೊಂದು ಚೆಕ್ ನಿರ್ಬಂಧ, ಅಂದರೆ ಇಂಥ ಮೌಲ್ಯಗಳಷ್ಟೇ ಸಲ್ಲುತ್ತವೆ ಎಂದು ಡೇಟಾಬೇಸಿಗೆ ಕೊಡುವ ಕಟ್ಟಳೆ. ನಾಲ್ಕಾರು ಬೈಟ್ ಹೆಚ್ಚು ಹೋಗಲಿ. ನಡುರಾತ್ರಿ ಟೇಬಲ್ ತೆರೆದವರಿಗೆ 'ರವಾನೆ' ಎಂದು ಓದಲು ಸಿಗುತ್ತದೆ. ಮೌಲ್ಯದ ಜೊತೆ ತೋರಿಸುವ ಹೆಸರು, ಅನುವಾದ, ಕ್ರಮ ಎಲ್ಲ ಬೇಕಾದರೆ, ಅಥವಾ ಕೋಡ್ ಮುಟ್ಟದೆಯೇ ಹೊಸದನ್ನು ಸೇರಿಸಬೇಕಾದರೆ, ಅದಕ್ಕೆಂದೇ ಒಂದು ಪುಟ್ಟ ಟೇಬಲ್ ಮಾಡಿ ಫಾರಿನ್ ಕೀಯಿಂದ, ಅಂದರೆ ಆ ಟೇಬಲಿನ ಸಾಲನ್ನು ತೋರಿಸುವ ಕಾಲಂನಿಂದ, ಜೋಡಿಸುವುದೇ ಸರಿ.

ಸಂಖ್ಯೆಯೇ ಬೇಕೆಂದರೆ ಕೈಯಾರೆ ಬರೆದಿಡಬೇಕು. ಲಿಂಗವನ್ನು ಸೂಚಿಸುವ ಐಎಸ್‌ಒ 5218 ಎಂಬ ಅಂತರರಾಷ್ಟ್ರೀಯ ಮಾನದಂಡದ ಸಂಕೇತಗಳು 0, 1, 2, ಆಮೇಲೆ ನೇರವಾಗಿ 9. ಪಟ್ಟಿಯ ಸ್ಥಾನಕ್ಕೂ ಅವಕ್ಕೂ ಸಂಬಂಧವಿಲ್ಲ. ಕೈಬಿಟ್ಟ ಸ್ಥಿತಿಯ ಸಂಖ್ಯೆಯನ್ನು ಹೊಸ ಸ್ಥಿತಿಗೆ ಕೊಡಲೂಬಾರದು. ಹಳೆಯ ಸಾಲುಗಳಲ್ಲಿ ಅದು ಇನ್ನೂ ಹಾಗೆಯೇ ಕುಳಿತಿರುತ್ತದೆ.