ಕೋರ್ಟ್ ಕಾರ್ಡ್: ಟ್ಯಾರೋ ಎಲೆಗಳೊಳಗಿನ ಮನೆಮಂದಿ

‘ಕೋರ್ಟ್ ಕಾರ್ಡ್’ ಎಂಬ ಪದದಲ್ಲಿರುವ ‘ಕೋರ್ಟ್’ ನ್ಯಾಯಾಲಯವಲ್ಲ, ಅರಸನ ಆಸ್ಥಾನ. ಭವಿಷ್ಯ ನೋಡಲು ಬಳಸುವ ಟ್ಯಾರೋ ಕಟ್ಟಿನ 78 ಎಲೆಗಳಲ್ಲಿ 16ಕ್ಕೆ ಕೋರ್ಟ್ ಕಾರ್ಡ್ ಎಂಬ ಹೆಸರಿದೆ. ದಂಡ, ಬಟ್ಟಲು, ಖಡ್ಗ, ನಾಣ್ಯ ಎಂಬ ನಾಲ್ಕು ಪಂಗಡಗಳಲ್ಲಿ ತಲಾ ನಾಲ್ವರು: ಪೇಜ್ (ಆಸ್ಥಾನದ ಕಿರಿಯ ಸೇವಕ), ನೈಟ್ (ಕುದುರೆ ಏರಿದ ಯೋಧ), ಕ್ವೀನ್, ಕಿಂಗ್. ಇಸ್ಪೀಟಿನ ರಾಜ, ರಾಣಿ, ಗುಲಾಮರ ಜೊತೆಗೆ ಕುದುರೆ ಸವಾರನೊಬ್ಬ ಸೇರಿಕೊಂಡಂತೆ.

ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಬರೀ ಆಟವಾಗಿ. ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳು ಬರೆಸಿಕೊಂಡ ಎಲೆಗಳಲ್ಲಿ ಆ ಕುಟುಂಬಗಳ ಲಾಂಛನಗಳೇ ಇವೆ. ಭವಿಷ್ಯ ನೋಡುವ ರೂಢಿ ಬೆಳೆದದ್ದು ಬಹಳ ತಡವಾಗಿ, 18ನೇ ಶತಮಾನದ ಫ್ರಾನ್ಸಿನಲ್ಲಿ.

ಮನೆಯವರ ಬಗ್ಗೆ ಕೇಳಿ ಎಲೆ ಹರಡಿದಾಗ ಓದುವವರ ಕಣ್ಣು ಮೊದಲು ಹೋಗುವುದು ಈ ಹದಿನಾರರ ಕಡೆಗೆ. ಕಿಂಗ್ ಬಂದರೆ ಅಪ್ಪ, ಕ್ವೀನ್ ಬಂದರೆ ಅಮ್ಮ, ನೈಟ್ ಬೆಳೆದ ಮಗ, ಪೇಜ್ ಚಿಕ್ಕ ಮಗು. ಹಳೆಯ ಕೈಪಿಡಿಗಳು ಕೂದಲಿನ ಬಣ್ಣ ನೋಡಿಯೂ ವ್ಯಕ್ತಿಯನ್ನು ಗುರುತಿಸುತ್ತಿದ್ದವು. ನನಗೆ ಈ ವಿಧಾನ ಒಪ್ಪಿಗೆಯಿಲ್ಲ. ‘ಯಾರು’ ಎಂದು ಹುಡುಕುವುದಕ್ಕಿಂತ, ಆ ಎಲೆಯ ವ್ಯಕ್ತಿ ಹೇಗೆ ಕುಳಿತಿದ್ದಾನೆ, ಎತ್ತ ನೋಡುತ್ತಿದ್ದಾನೆ ಎಂದು ಗಮನಿಸಿದರೆ ಸಂಬಂಧದ ಬಗ್ಗೆ ಹೆಚ್ಚು ತಿಳಿಯುತ್ತದೆ.

ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ, 1909ರಲ್ಲಿ ಹೊರಬಂದ ಕಟ್ಟನ್ನೇ ತೆಗೆದುಕೊಳ್ಳಿ. ಬಟ್ಟಲಿನ ಕ್ವೀನ್ ತನ್ನ ಕೈಯಲ್ಲಿರುವ ಬಟ್ಟಲಿನಲ್ಲೇ ಕಣ್ಣು ನೆಟ್ಟಿದ್ದಾಳೆ. ಅದೇ ಪಂಗಡದ ಕಿಂಗ್, ಅಲೆಯೆದ್ದ ಕಡಲಿನ ನಡುವೆ ಸಿಂಹಾಸನದ ಮೇಲೆ ಕುಳಿತು, ಬಟ್ಟಲನ್ನು ಹಿಡಿದೂ ಬೇರೆಡೆ ನೋಡುತ್ತಾನೆ. ಬಟ್ಟಲು ಭಾವನೆಗಳ ಪಂಗಡ. ಮನಸ್ಸಿನಲ್ಲಿ ಪ್ರೀತಿ ತುಂಬಿಕೊಂಡಿದ್ದರೂ ಅದರತ್ತ ತಿರುಗದ ಅಪ್ಪಂದಿರನ್ನು ಎಷ್ಟು ಜನ ಕಂಡಿಲ್ಲ! ಖಡ್ಗದ ಕ್ವೀನ್ ಇನ್ನೂ ಹೃದಯ ತಟ್ಟುತ್ತಾಳೆ: ಒಂದು ಕೈಯಲ್ಲಿ ನೆಟ್ಟಗೆ ಎತ್ತಿದ ಕತ್ತಿ, ಇನ್ನೊಂದು ಕೈ ಮುಂದಕ್ಕೆ ಚಾಚಿದೆ. ಮಾತು ಹರಿತವಾದ ತಾಯಿಯ ಮಗಳು ಕತ್ತಿಯನ್ನಷ್ಟೇ ನೋಡುತ್ತಾ ಬೆಳೆದಿರಬಹುದು. ಚಾಚಿದ ಕೈ ಅವಳಿಗೆ ಕಂಡಿರುವುದೇ ಇಲ್ಲ.

ಇವೆಲ್ಲ ಸುಳಿವುಗಳು, ಸಾಕ್ಷಿಗಳಲ್ಲ. ಎಲೆಯೊಂದನ್ನು ತೋರಿಸಿ ‘ನಿಮ್ಮ ಅತ್ತಿಗೆ ಮೋಸ ಮಾಡುತ್ತಿದ್ದಾಳೆ’ ಎನ್ನುವವರಿಂದ ದೂರವಿರಿ. ಯಾವ ಎಲೆಗೂ ಆ ಶಕ್ತಿಯಿಲ್ಲ, ಆದರೆ ಅಂಥ ಮಾತಿಗೆ ಮನೆ ಒಡೆಯುವ ಶಕ್ತಿಯಿದೆ.

ವಯಸ್ಸಿನ ಲೆಕ್ಕವೂ ಇಲ್ಲಿ ತಿರುಗುಮುರುಗಾಗುತ್ತದೆ. ಪೇಜ್ ಎಂದರೆ ಕಲಿಕೆಯ ಹಂತದಲ್ಲಿರುವವನು. ಬಟ್ಟಲಿನ ಪೇಜ್‌ನ ಎದುರು, ಅವನ ಬಟ್ಟಲಿನಿಂದಲೇ ಒಂದು ಮೀನು ತಲೆಯೆತ್ತಿದೆ. ಅವನು ಅದನ್ನು ಗಾಬರಿಯಿಲ್ಲದೆ ನೋಡುತ್ತಾ ನಿಂತಿದ್ದಾನೆ. ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಮಗನ ಬಳಿ ಕ್ಷಮೆ ಕೇಳಲು ಹೊರಟ ತಂದೆಗೂ ಈ ಎಲೆಯೇ ಸಲ್ಲುತ್ತದೆ.