ವಿದೇಶಿ ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ಖಾತೆ ತೆರೆದರೆ ತಪ್ಪಾಗುತ್ತದೆಯೇ?

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಮಗ ಅಬುಧಾಬಿಯಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ಬಳಸುವ ವಿದೇಶಿ ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ನಾನೂ ಖಾತೆ ತೆರೆದು, ಅಡಿಕೆ ಮಾರಿದ ಹಣದಲ್ಲಿ ಒಂದಿಷ್ಟು ಬಿಟ್‌ಕಾಯಿನ್ ಕೊಳ್ಳಬೇಕೆಂದಿದ್ದೇನೆ. ಬ್ಯಾಂಕಿನಲ್ಲಿ ಕೇಳಿದರೆ ‘ಅದೆಲ್ಲ ಬ್ಯಾನ್ ಆಗಿದೆ’ ಎಂದರು. ಪರಿಚಯದ ಹುಡುಗನೊಬ್ಬ ‘ವಿಪಿಎನ್ ಹಾಕಿಕೊಂಡರೆ ಏನೂ ಆಗುವುದಿಲ್ಲ’ ಎಂದ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಭಾರತದಲ್ಲಿ ಕ್ರಿಪ್ಟೊ ಕೊಳ್ಳುವುದಕ್ಕೆ, ಇಟ್ಟುಕೊಳ್ಳುವುದಕ್ಕೆ ನಿಷೇಧವಿಲ್ಲ. ಬ್ಯಾಂಕಿನವರ ಬಾಯಲ್ಲಿ ಇನ್ನೂ ಉಳಿದಿರುವ ‘ಬ್ಯಾನ್’ 2018ರ ಏಪ್ರಿಲ್‌ನದು. ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ ಆಗ ಸುತ್ತೋಲೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಅದನ್ನು ರದ್ದುಪಡಿಸಿತು. ಸುತ್ತೋಲೆ ಹೋಯಿತು, ಬ್ಯಾಂಕುಗಳ ಅಂಜಿಕೆ ಹೋಗಲಿಲ್ಲ.

ಇನ್ನು ವಿಪಿಎನ್, ಅಂದರೆ ನೀವು ಯಾವ ದೇಶದಿಂದ ಜಾಲತಾಣಕ್ಕೆ ಬರುತ್ತಿದ್ದೀರಿ ಎಂಬುದನ್ನು ಮರೆಮಾಚುವ ತಂತ್ರಾಂಶದ ವಿಷಯ. 2023ರ ಮಾರ್ಚ್ 7ರಿಂದ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಭಾರತೀಯರಿಗೆ ಸೇವೆ ಕೊಡುವ ಎಕ್ಸ್‌ಚೇಂಜ್ ಯಾವ ದೇಶದಲ್ಲೇ ಇರಲಿ, ದೆಹಲಿಯ ಹಣಕಾಸು ಗುಪ್ತಚರ ಘಟಕದಲ್ಲಿ, ಅಂದರೆ ಎಫ್‌ಐಯುನಲ್ಲಿ, ನೋಂದಾಯಿಸಿಕೊಳ್ಳಬೇಕು. ಹಾಗೆ ಮಾಡದ ಬೈನಾನ್ಸ್, ಕುಕಾಯಿನ್, ಕ್ರಾಕೆನ್ ಸೇರಿ ಒಂಬತ್ತು ಎಕ್ಸ್‌ಚೇಂಜ್‌ಗಳಿಗೆ 2023ರ ಡಿಸೆಂಬರ್ ಕೊನೆಯಲ್ಲಿ ನೋಟಿಸ್ ಹೋಯಿತು. ಮುಂದಿನ ತಿಂಗಳು ಅವುಗಳ ಜಾಲತಾಣಗಳಿಗೆ ತಡೆ ಬಿತ್ತು. ಕೆಲವು ದಾರಿಗೆ ಬಂದವು. ಕುಕಾಯಿನ್ 34.5 ಲಕ್ಷ ರೂಪಾಯಿ ದಂಡ ಕಟ್ಟಿತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ, ಬೈಬಿಟ್‌ಗೆ 2025ರ ಜನವರಿಯಲ್ಲಿ 9.27 ಕೋಟಿ ದಂಡ ಬಿತ್ತು. ಈ ಮೂರೂ ನೋಂದಾಯಿಸಿಕೊಂಡಿವೆ. ಕಾಯಿನ್‌ಬೇಸ್ ಕೂಡ 2025ರಲ್ಲಿ ನೋಂದಣಿ ಪಡೆಯಿತು. ನೋಂದಾಯಿಸಿಕೊಳ್ಳದ ವಿದೇಶಿ ಎಕ್ಸ್‌ಚೇಂಜ್‌ಗಳಿಗೆ 2025ರಲ್ಲೂ ನೋಟಿಸ್ ಹೋಯಿತು.

ನೋಂದಾಯಿಸಿಕೊಳ್ಳುವ ಹೊಣೆ ಎಕ್ಸ್‌ಚೇಂಜ್‌ನದು, ಗ್ರಾಹಕನದಲ್ಲ. ಆದ್ದರಿಂದ ವಿಪಿಎನ್ ಹಾಕಿದ ಮಾತ್ರಕ್ಕೆ ನಿಮ್ಮನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಆ ಹುಡುಗನ ಮಾತಿನಲ್ಲಿ ಅಷ್ಟು ನಿಜವಿದೆ. ಆದರೆ ಭಾರತದಿಂದ ಬರುವ ಗ್ರಾಹಕರನ್ನು ಒಪ್ಪದ ಎಕ್ಸ್‌ಚೇಂಜ್‌ಗೆ ವಿಪಿಎನ್ ಮೂಲಕ ನುಗ್ಗಿದ್ದೀರಿ ಎಂದಿಟ್ಟುಕೊಳ್ಳಿ. ಹಣ ಹಿಂಪಡೆಯುವ ದಿನ ಅವರು ವಿಳಾಸದ ದಾಖಲೆ ಕೇಳುತ್ತಾರೆ. ಸಾಗರದ ಆಧಾರ್ ಕಾರ್ಡ್ ತೋರಿಸಿದರೆ ಖಾತೆಗೆ ಬೀಗ. ಆಮೇಲೆ ದೂರು ಕೊಡುವುದು ಯಾರಿಗೆ? ಶಿವಮೊಗ್ಗದ ಗ್ರಾಹಕರ ಆಯೋಗದ ನೋಟಿಸ್ ಸೇಶೆಲ್ಸ್‌ನಲ್ಲಿ ನೋಂದಣಿಯಾದ ಕಂಪನಿಯನ್ನು ಮುಟ್ಟಿಸುವುದು ಹೇಗೆಂದು ಯಾವ ವಕೀಲರನ್ನಾದರೂ ಕೇಳಿ ನೋಡಿ.

ಹಾಗಾಗಿ ಮೊದಲ ಷರತ್ತು, ಎಕ್ಸ್‌ಚೇಂಜ್ ಎಫ್‌ಐಯುನಲ್ಲಿ ನೋಂದಾಯಿತವಾಗಿರಬೇಕು. ಅವರ ಗ್ರಾಹಕ ಸೇವೆಗೆ ಬರೆದು ಕಂಪನಿಯ ಪೂರ್ಣ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಹಾರಿಕೆಯ ಉತ್ತರ ಬಂದರೆ ಅಲ್ಲಿಗೇ ಬಿಡಿ. ನೋಂದಣಿಯೆಂದರೆ ನಿಮ್ಮ ಹಣಕ್ಕೆ ಸರ್ಕಾರದ ಖಾತರಿ ಎಂದೂ ತಿಳಿಯಬೇಡಿ. 2024ರ ಜುಲೈನಲ್ಲಿ ನಮ್ಮದೇ ದೇಶದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್, 2025ರ ಫೆಬ್ರುವರಿಯಲ್ಲಿ ಬೈಬಿಟ್‌ನಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು.

ನಿಜವಾದ ತೊಡಕು ಶುರುವಾಗುವುದು ಹಣ ಕಳಿಸುವಲ್ಲಿ. ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ವಿದೇಶಕ್ಕೆ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಅವಕಾಶವಿದೆ. ಆದರೆ ಉದ್ದೇಶ ಬರೆದುಕೊಡಬೇಕು, ಮತ್ತು ಕ್ರಿಪ್ಟೊಗಾಗಿ ಕಳಿಸುತ್ತಿಲ್ಲ ಎಂದು ಬರೆಸಿಕೊಳ್ಳುವ ಬ್ಯಾಂಕುಗಳಿವೆ. ಅಲ್ಲಿ ಸುಳ್ಳು ಬರೆದರೆ ಅದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ಬೇರೆಯೇ ತಪ್ಪು. ವಿದೇಶಿ ಎಕ್ಸ್‌ಚೇಂಜ್‌ಗೆ ಮಾರ್ಜಿನ್ ಹಣ (ದೊಡ್ಡ ವಹಿವಾಟಿಗೆ ಭದ್ರತೆಯಾಗಿ ಇಡುವ ಮೊತ್ತ) ಕಳಿಸುವುದಕ್ಕಂತೂ ಆ ಯೋಜನೆಯಲ್ಲಿ ಸ್ಪಷ್ಟ ನಿರ್ಬಂಧವಿದೆ; ಹತ್ತು ಪಟ್ಟು, ಐವತ್ತು ಪಟ್ಟು ಲಾಭವೆಂದು ಆಸೆ ಹುಟ್ಟಿಸುವ ಫ್ಯೂಚರ್ಸ್ ವ್ಯವಹಾರಕ್ಕೆ ಬೇಕಾಗುವುದು ಈ ಮಾರ್ಜಿನ್ನೇ.

ಬ್ಯಾಂಕಿನ ದಾರಿ ಮುಚ್ಚಿದಾಗ ಜನ ಹಿಡಿಯುವುದು ಪಿ-ಟು-ಪಿ. ನೀವು ಯುಪಿಐ ಮೂಲಕ ಯಾರೋ ಒಬ್ಬರಿಗೆ ರೂಪಾಯಿ ಕಳಿಸುತ್ತೀರಿ, ಅವರು ಎಕ್ಸ್‌ಚೇಂಜ್‌ನೊಳಗೆ ನಿಮಗೆ ಟೆದರ್ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ) ಕೊಡುತ್ತಾರೆ. ಮಾರುವಾಗ ಇದೇ ತಿರುವುಮುರುವು. ನನ್ನ ಬಳಿ ತೆರಿಗೆ ಲೆಕ್ಕಕ್ಕೆ ಬರುವವರಲ್ಲಿ ಹೆಚ್ಚು ಪೆಟ್ಟು ತಿಂದವರು ಹೀಗೆ ಮಾರಲು ಹೋದವರು. ನಿಮ್ಮ ಟೆದರ್ ಕೊಂಡವನು ಕಳಿಸಿದ ಐವತ್ತು ಸಾವಿರ, ಇನ್ಯಾರನ್ನೋ ಡಿಜಿಟಲ್ ಅರೆಸ್ಟ್ ಹೆಸರಿನಲ್ಲಿ ಬೆದರಿಸಿ ಕಿತ್ತ ದುಡ್ಡಾಗಿರಬಹುದು. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಾರೆ. ಪೊಲೀಸರು ಹಣ ಹರಿದ ಜಾಡು ಹಿಡಿದು ಬರುತ್ತಾರೆ, ನಿಮ್ಮ ಖಾತೆ ಸ್ಥಗಿತವಾಗುತ್ತದೆ. ಹಾಗೆ ಸ್ಥಗಿತಗೊಳಿಸಲು ಬ್ಯಾಂಕಿಗೆ ಪತ್ರ ಬರೆದ ಠಾಣೆ ಇರುವುದು ರಾಜಸ್ಥಾನದಲ್ಲೋ ತೆಲಂಗಾಣದಲ್ಲೋ. ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧ) ಠಾಣೆಯವರಿಗೆ ಅದನ್ನು ತೆರವು ಮಾಡುವ ಅಧಿಕಾರವಿಲ್ಲ. ಅಡಿಕೆ ಹಣ ಬರುವುದು, ಬೆಳೆಸಾಲದ ಕಂತು ಹೋಗುವುದು ಅದೇ ಖಾತೆಯಿಂದಾದರೆ ಕೊನೆಕೊಯ್ಲಿನ ಕೂಲಿ ಬಟವಾಡೆಗೂ ಕೈ ಕಟ್ಟಿದಂತಾಗುತ್ತದೆ.

ಪಿ-ಟು-ಪಿಗೆ ಇನ್ನೊಂದು ಕೊಕ್ಕೆ ಇದೆ, ಶೇ 1ರ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ. 2022ರ ಜುಲೈ 1ರಿಂದ ಜಾರಿಯಲ್ಲಿದೆ. ದೇಶೀಯ ಎಕ್ಸ್‌ಚೇಂಜ್‌ನಲ್ಲಿ ಇದು ಗ್ರಾಹಕನ ಗಮನಕ್ಕೇ ಬರುವುದಿಲ್ಲ. ಮಂಡಿಯಲ್ಲಿ ಹಮಾಲಿ ಮತ್ತಿತರ ಖರ್ಚು ಕಳೆದು ಪಟ್ಟಿ ಕೊಡುವಂತೆ ಅವರೇ ಮುರಿದುಕೊಂಡು ಕೊಡುತ್ತಾರೆ. ಎಕ್ಸ್‌ಚೇಂಜ್ ಮುರಿಯದೇ ಹೋದರೆ ಆ ಕೆಲಸ ಕೊಳ್ಳುವವನದು. ಭಾರತದಲ್ಲೇ ಇರುವವರೊಬ್ಬರಿಂದ 60,000 ರೂಪಾಯಿಯ ಟೆದರ್ ಕೊಂಡರೆ 59,400 ಅವರಿಗೆ, 600 ಅವರ ಪ್ಯಾನ್ ಲೆಕ್ಕದಲ್ಲಿ ಸರ್ಕಾರಕ್ಕೆ. ವ್ಯಾಪಾರದ ಆದಾಯವಿಲ್ಲದ ನಿಮ್ಮಂಥವರಿಗೆ ವರ್ಷಕ್ಕೆ 50,000 ರೂಪಾಯಿ ದಾಟಿದ ಮೇಲೆ ಇದು ಅನ್ವಯ. ಕಟ್ಟದಿದ್ದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಬಡ್ಡಿ ಬೇರೆ. ಎದುರಿಗಿರುವವನ ಪ್ಯಾನ್ ಕೇಳಿದರೆ ಅವನು ವ್ಯವಹಾರ ರದ್ದು ಮಾಡಿ ಹೋಗುತ್ತಾನೆ ಎಂಬುದು ಕಾನೂನು ಬರೆದವರಿಗೆ ಹೊಳೆಯಲಿಲ್ಲವೋ, ಹೊಳೆದೇ ಹಾಗೆ ಬರೆದರೋ!

ಇನ್ನು ಲಾಭದ ಮೇಲಿನ ತೆರಿಗೆ. ‘ತೋಟದ ದುಡ್ಡಿನಲ್ಲಿ ಕೊಂಡದ್ದು, ಕೃಷಿ ಆದಾಯಕ್ಕೆ ತೆರಿಗೆಯಿಲ್ಲ’ ಎಂಬ ಸಮಾಧಾನ ನಮ್ಮ ಕಡೆ ಬಹಳ ಜನರಿಗಿದೆ. ಅಡಿಕೆ ಮಾರಿದ್ದಕ್ಕೆ ತೆರಿಗೆಯಿಲ್ಲ ಸರಿ, ಆ ಹಣದಲ್ಲಿ ಕೊಂಡ ಬಿಟ್‌ಕಾಯಿನ್ ಮಾರಿದ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಬೇರೆ ಆದಾಯ ಏನೂ ಇಲ್ಲದಿದ್ದರೂ ಮೂಲ ವಿನಾಯಿತಿ ಮಿತಿ ಇದಕ್ಕೆ ಸಿಗುವುದಿಲ್ಲ. ಮಂಡಿಯ ಪಟ್ಟಿಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಕೊಳ್ಳಲು ಹಣ ಎಲ್ಲಿಂದ ಬಂತು ಎಂದು ಇಲಾಖೆ ಕೇಳಿದರೆ ಉತ್ತರ ಅವೇ.

ನಷ್ಟದ ಲೆಕ್ಕ ಇನ್ನೂ ಕಟು. ಒಂದು ಕಾಯಿನ್‌ನಲ್ಲಿ 60,000 ಲಾಭ, ಇನ್ನೊಂದರಲ್ಲಿ 60,000 ನಷ್ಟ ಆಯಿತೆನ್ನಿ. ಕೈಗೆ ಬಂದದ್ದು ಸೊನ್ನೆ. ಕಟ್ಟಬೇಕಾದ ತೆರಿಗೆ 18,720. ಕ್ರಿಪ್ಟೊ ನಷ್ಟವನ್ನು ಯಾವ ಲಾಭದಿಂದಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಟೆದರ್ ಕೊಟ್ಟು ಬಿಟ್‌ಕಾಯಿನ್ ಪಡೆದರೆ ಅದೂ ಮಾರಾಟವೇ.

ಕೃಷಿ ಆದಾಯ 5,000 ದಾಟಿದವರು ಐಟಿಆರ್-1 ಬಳಸುವಂತಿಲ್ಲವಾದ್ದರಿಂದ ರಿಟರ್ನ್ ಸಲ್ಲಿಸುವ ಅಡಿಕೆ ಬೆಳೆಗಾರರಿಗೆ ಐಟಿಆರ್-2 ಹೊಸದಲ್ಲ. ಕ್ರಿಪ್ಟೊ ಲೆಕ್ಕ ಕೊಡುವ ಅನುಸೂಚಿ ಅದರಲ್ಲೇ ಇದೆ. ವಿದೇಶಿ ಆಸ್ತಿಯ ಅನುಸೂಚಿಯೂ ಅಲ್ಲೇ ಇದೆ. ವಿದೇಶಿ ಎಕ್ಸ್‌ಚೇಂಜ್‌ನ ಬಳಿ ಇರುವ ಕಾಯಿನ್‌ಗಳನ್ನು ಅಲ್ಲೂ ತೋರಿಸಿಬಿಡಿ ಎಂದೇ ನಾನು ಹೇಳುವುದು. ಅದರ ಲೆಕ್ಕ ಏಪ್ರಿಲ್‌ನಿಂದಲ್ಲ, ಜನವರಿಯಿಂದ ಡಿಸೆಂಬರ್‌ವರೆಗೆ. ವಿದೇಶಿ ಆಸ್ತಿ ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡದಿಂದ ರಿಯಾಯಿತಿ ಸಿಕ್ಕಿದೆ, ತೋರಿಸುವ ಹೊಣೆಯಿಂದಲ್ಲ.

ಮಗನ ಖಾತೆಯ ಯೋಚನೆ ನಿಮಗೆ ಬಂದೇ ಬರುತ್ತದೆ. ಅವನು ಅನಿವಾಸಿಯಾಗಿ ಅಲ್ಲಿಯ ದುಡಿಮೆಯಲ್ಲಿ ಅಲ್ಲೇ ಕೊಂಡರೆ ಅದು ಅವನದು. ನಿಮ್ಮ ಹಣ ಹಾಕಿ, ಅವನ ಹೆಸರಿನಲ್ಲಿ ನೀವೇ ಸಾಗರದಿಂದ ಕೊಂಡು ಮಾರಿದರೆ ಆಸ್ತಿ ನಿಮ್ಮದು, ಹೆಸರು ಮಾತ್ರ ಅವನದು. ಎಕ್ಸ್‌ಚೇಂಜ್ ಒಪ್ಪುವುದಿಲ್ಲ, ತೆರಿಗೆ ಇಲಾಖೆಯೂ ಒಪ್ಪುವುದಿಲ್ಲ. ಅವನು ಪ್ರೀತಿಯಿಂದ ನಿಮಗೆ ಕಾಯಿನ್ ಉಡುಗೊರೆ ಕೊಟ್ಟರೆ ಪಡೆದಾಗ ತೆರಿಗೆಯಿಲ್ಲ, ಮಾರಿದಾಗ ಇದೆ.

ನೇರವಾಗಿ ಹೇಳುವುದಾದರೆ, ಒಂದಿಷ್ಟು ಬಿಟ್‌ಕಾಯಿನ್ ಕೊಂಡಿಡುವುದಷ್ಟೇ ಉದ್ದೇಶವಾದರೆ ವಿದೇಶಿ ಎಕ್ಸ್‌ಚೇಂಜ್‌ನ ಉಸಾಬರಿ ನಿಮಗೆ ಬೇಕಿಲ್ಲ. ಎಫ್‌ಐಯುನಲ್ಲಿ ನೋಂದಾಯಿತವಾದ, ರೂಪಾಯಿಯನ್ನು ಬ್ಯಾಂಕಿನಿಂದ ನೇರವಾಗಿ ಪಡೆಯುವ ದೇಶೀಯ ಎಕ್ಸ್‌ಚೇಂಜ್ ಸಾಕು. ಅದಕ್ಕೆ ಬೇರೆಯೇ ಒಂದು ಉಳಿತಾಯ ಖಾತೆ ಇಟ್ಟುಕೊಳ್ಳಿ, ಬೆಳೆಸಾಲದ ಖಾತೆಯನ್ನು ಇದರ ಹತ್ತಿರಕ್ಕೂ ತರಬೇಡಿ. ಈಗಾಗಲೇ ನೋಂದಣಿಯಿಲ್ಲದ ಎಕ್ಸ್‌ಚೇಂಜ್‌ನಲ್ಲಿ ಕಾಯಿನ್ ಇಟ್ಟಿರುವವರು ಮೊದಲು ಪೂರ್ತಿ ವ್ಯವಹಾರದ ಪಟ್ಟಿಯನ್ನು ಇಳಿಸಿಕೊಂಡು, ಆಮೇಲೆ ತಮ್ಮದೇ ಹೆಸರಿನ ನೋಂದಾಯಿತ ಖಾತೆಗೆ ವರ್ಗಾಯಿಸಿಕೊಳ್ಳಲಿ. ತನ್ನಿಂದ ತನಗೇ ಆಗುವ ಈ ವರ್ಗಾವಣೆಗೆ ತೆರಿಗೆಯಿಲ್ಲ. ಹಿಂದಿನ ವರ್ಷಗಳ ಲಾಭವನ್ನು ತೋರಿಸದೆ ಬಿಟ್ಟಿದ್ದರೆ ನಾಲ್ಕು ವರ್ಷದವರೆಗೆ ನವೀಕೃತ ರಿಟರ್ನ್, ಅಂದರೆ ಐಟಿಆರ್-ಯು ಸಲ್ಲಿಸಬಹುದು. ಮೊದಲ ವರ್ಷದೊಳಗಾದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ, ನಾಲ್ಕನೇ ವರ್ಷದಲ್ಲಿ ಶೇ 70.